ಪದ ಪರಿಚಯ: ಜೀನೋಮ್ ಕಣ್ಗಾವಲು

ವೈರಸ್ ಆಗಲಿ, ಬ್ಯಾಕ್ಟೀರಿಯಾ ಆಗಲಿ, ಅದರ ಪೂರ್ತಿ ಆನುವಂಶಿಕ ಬರಹವೇ ಜೀನೋಮ್. ಬೇರೆ ಬೇರೆ ರೋಗಿಗಳಲ್ಲಿ ಸಿಕ್ಕ ರೋಗಾಣುವಿನ ಈ ಬರಹವನ್ನು ಅಕ್ಷರ ಅಕ್ಷರವಾಗಿ ಓದಿ, ಹೋಲಿಸಿ, ರೋಗ ಹೇಗೆ ಹರಡುತ್ತಿದೆ, ಹೇಗೆ ಬದಲಾಗುತ್ತಿದೆ ಎಂದು ಬಿಡದೆ ಗಮನಿಸುವುದು ಜೀನೋಮ್ ಕಣ್ಗಾವಲು.

ಪಿಸಿಆರ್ ಪರೀಕ್ಷೆ ರೋಗಾಣು ಇದೆಯೋ ಇಲ್ಲವೋ ಅಂತ ಹೇಳುತ್ತದೆ. ಅದು ಯಾರಿಂದ ಬಂತು ಅನ್ನೋದು ಅದರಿಂದ ಗೊತ್ತಾಗುವುದಿಲ್ಲ. ಇಲ್ಲಿ ನೆರವಿಗೆ ಬರುವುದು ರೋಗಾಣುವಿನ ತಪ್ಪುಗಳೇ. ಅದು ತನ್ನ ನಕಲು ಮಾಡಿಕೊಳ್ಳುವಾಗ ಆಗೊಮ್ಮೆ ಈಗೊಮ್ಮೆ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ನಕಲುಗಳಿಗೂ ದಾಟುತ್ತದೆ. ಒಂದೇ ತಪ್ಪು ಇಬ್ಬರು ರೋಗಿಗಳಲ್ಲಿ ಕಂಡರೆ, ಸೋಂಕಿನ ಮೂಲ ಒಂದೇ ಇರಬಹುದು ಅಲ್ವಾ?

ತಪ್ಪುವ ವೇಗ ಮಾತ್ರ ಒಂದೊಂದರದ್ದು ಒಂದೊಂದು ಥರ. ಕೋವಿಡ್ ವೈರಸ್ಸಿಗೆ ಸುಮಾರು 30,000 ಅಕ್ಷರ, ತಿಂಗಳಿಗೆ ಸರಿಸುಮಾರು 2 ಬದಲಾವಣೆ. ಟಿಬಿ ಬ್ಯಾಕ್ಟೀರಿಯಾಗೆ 44 ಲಕ್ಷ ಅಕ್ಷರಗಳಿದ್ದರೂ 2 ವರ್ಷಕ್ಕೆ ಒಂದು ಬದಲಾದರೆ ಹೆಚ್ಚು. ಅದಕ್ಕೇ ಟಿಬಿಯಲ್ಲಿ ಲೆಕ್ಕ ಬಿಗಿ. ಇಬ್ಬರ ಮಾದರಿಗಳ ನಡುವೆ 5 ಅಕ್ಷರಕ್ಕಿಂತ ಜಾಸ್ತಿ ವ್ಯತ್ಯಾಸ ಇಲ್ಲದಿದ್ದರೆ ಇತ್ತೀಚೆಗೆ ಹರಡಿರಬಹುದೆಂಬ ಅನುಮಾನ. 12 ದಾಟಿದರೆ ನೇರ ನಂಟು ಇಲ್ಲವೆಂದೇ ಸಾಮಾನ್ಯ ಎಣಿಕೆ.

ಟಿಬಿಗೆ ಯಾವ ಔಷಧಿ ನಾಟುವುದಿಲ್ಲ ಎಂಬುದೂ ಈ ಬರಹದಲ್ಲೇ ಸಿಗುತ್ತದೆ. ಯಾವ ಬದಲಾವಣೆಯಿಂದ ಯಾವ ಔಷಧಿ ಸೋಲುತ್ತದೆ ಎಂಬ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದಿತು. ಹಾಗಂತ ಎಲ್ಲವೂ ಚಿಟಿಕೆ ಹೊಡೆಯುವಷ್ಟರಲ್ಲಿ ಆಗುವುದಿಲ್ಲ. ಕಫದಲ್ಲಿ ಟಿಬಿಯ ಡಿಎನ್‌ಎ ತೀರಾ ಕಡಿಮೆ. ಪೂರ್ತಿ ಜೀನೋಮ್ ಓದಬೇಕೆಂದರೆ ಸಾಮಾನ್ಯವಾಗಿ ಮೊದಲು ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ.

ಉಪಕರಣಗಳು ಮಾತ್ರ ಚಿಕ್ಕದಾಗಿವೆ. 2015ರಲ್ಲಿ ಗಿನಿ ದೇಶದಲ್ಲಿ ಎಬೋಲಾ ಹರಡಿದ್ದಾಗ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಯಂತ್ರದಿಂದ ಅಲ್ಲೇ ವೈರಸ್ಸಿನ ಜೀನೋಮ್ ಓದಿದರು. ಕೋವಿಡ್ ವೈರಸ್ಸಿನ ಜೀನೋಮ್ 2020ರ ಜನವರಿಯಲ್ಲಿ ಎಲ್ಲರಿಗೂ ಸಿಕ್ಕಿತು. ಅದನ್ನು ನೋಡಿಯೇ ವಿನ್ಯಾಸ ಮಾಡಿದ ಎಂಆರ್‌ಎನ್‌ಎ ಲಸಿಕೆಯನ್ನು (ವೈರಸ್ಸಿನ ಒಂದು ಭಾಗ ತಯಾರಿಸುವ ಸೂಚನೆಯನ್ನು ದೇಹಕ್ಕೆ ಕೊಡುವ ಲಸಿಕೆ) ಮಾರ್ಚ್ 16ಕ್ಕೆ ಮನುಷ್ಯರಲ್ಲಿ ಪರೀಕ್ಷಿಸಲು ಶುರು ಮಾಡಿದ್ದರು.

ಇದರ ಮಿತಿಯೂ ಗೊತ್ತಿರಲಿ. ಇಬ್ಬರ ವೈರಸ್ ಅಕ್ಷರಶಃ ಒಂದೇ ಆಗಿದ್ದರೆ, ಯಾರಿಂದ ಯಾರಿಗೆ ಬಂತು ಅಂತ ಜೀನೋಮ್ ಹೇಳಲಾರದು. ಇಬ್ಬರಿಗೂ ಮೂರನೆಯವರೊಬ್ಬರಿಂದ ಬಂದಿರಬಹುದು. ಯಾರು ಯಾವಾಗ ಎಲ್ಲಿದ್ದರು, ಜ್ವರ ಯಾವತ್ತು ಶುರುವಾಯಿತು ಎಂಬ ವಿವರ ಬೇಕೇ ಬೇಕು. ಆ ವಿವರ ಇಲ್ಲದೆ ಸುಮ್ನೆ ಸಾವಿರಾರು ಜೀನೋಮ್ ಓದಿ ಗುಡ್ಡೆ ಹಾಕಿದರೆ ಹೆಚ್ಚೇನೂ ಉಪಯೋಗವಿಲ್ಲ.