ಆರ್‌ಎಸ್‌ವಿ ಟಿಪ್ಪಣಿ: ಉಸಿರು ಎಣಿಸುವಾಗ ನಾನು ಎಡವಿದ್ದು

ಶಿಶು ಆರೈಕೆ ಪಾಠಕ್ಕೆ ಓದುತ್ತಾ ಬರೆದುಕೊಂಡದ್ದು. ಆರ್‌ಎಸ್‌ವಿ ಅಂದರೆ ಉಸಿರಿನ ದಾರಿಗೆ ಸೋಂಕು ತರುವ ಒಂದು ವೈರಸ್, ಪೂರ್ತಿ ಹೆಸರು ರೆಸ್ಪಿರೇಟರಿ ಸಿನ್ಸಿಟಿಯಲ್ ವೈರಸ್. ಸೋಂಕು ತಗುಲಿದ ಜೀವಕೋಶಗಳು ಬೆಸೆದುಕೊಂಡು ಮುದ್ದೆಯಾಗುತ್ತವೆ, ಆ ಮುದ್ದೆಗೇ ಸಿನ್ಸಿಟಿಯಂ ಅನ್ನೋದು. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆ ಬಂದಿರುತ್ತದೆ. ಬಹಳಷ್ಟು ಸಲ ಬರೀ ನೆಗಡಿ, ಕೆಮ್ಮು, ಸ್ವಲ್ಪ ಜ್ವರ.

ಹಸುಗೂಸಿಗೆ ಯಾಕೆ ಇಷ್ಟು ಕಷ್ಟ? ಶ್ವಾಸಕೋಶದ ಸಣ್ಣ ಕೊಳವೆಗಳು ಊದಿಕೊಂಡು ಕಫ ಕಟ್ಟುತ್ತದೆ. ಕೊಳವೆಯ ಅಗಲ ಅರ್ಧಕ್ಕೆ ಇಳಿದರೆ ಗಾಳಿಗೆ ಆಗುವ ತಡೆ ಎರಡು ಪಟ್ಟಲ್ಲ, ಸುಮಾರು 16 ಪಟ್ಟು! ಮಗುವಿನ ಕೊಳವೆ ಮೊದಲೇ ಕಿರಿದು. ಸಾಮಾನ್ಯವಾಗಿ ಕಾಯಿಲೆ ಜೋರಾಗುವುದು 3ರಿಂದ 5ನೇ ದಿನ. ಹಾಗಾಗಿ ಎರಡನೇ ದಿನ ಆರಾಮಾಗಿದೆ ಅಂತ ಮೈಮರೆಯುವ ಹಾಗಿಲ್ಲ.

ಈಗ ನಾನು ಎಡವಿದ ಜಾಗ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎರಡು ತಿಂಗಳೊಳಗಿನ ಮಗು ನಿಮಿಷಕ್ಕೆ 60 ಅಥವಾ ಜಾಸ್ತಿ ಸಲ ಉಸಿರಾಡಿದರೆ ಅದು ವೇಗದ ಉಸಿರು. 2ರಿಂದ 11 ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40. ಇದನ್ನು ಬಾಯಿಪಾಠ ಮಾಡಿದೆ, ಸುಲಭ. ಆಮೇಲೆ ಅಕ್ಕನ ನಾಲ್ಕು ತಿಂಗಳ ಮಗು ಮಲಗಿದ್ದಾಗ ಎಣಿಸಿ ನೋಡೋಣ ಅಂತ ಕೂತೆ. 15 ಸೆಕೆಂಡಿಗೆ 14 ಬಂತು. ನಾಲ್ಕರಿಂದ ಗುಣಿಸಿದರೆ 56. ಎದೆ ಧಸಕ್ಕೆಂದಿತು! ಮತ್ತೆ ಎಣಿಸಿದೆ: 8, ಅಂದರೆ 32. ಅದೇ ಮಗು, ಅದೇ ನಿದ್ದೆ. ಯಾವುದನ್ನು ನಂಬುವುದು?

ಎರಡನ್ನೂ ಅಲ್ಲ. ಹಸುಗೂಸು ಗಡಿಯಾರದ ಹಾಗೆ ಒಂದೇ ಸಮ ಉಸಿರಾಡುವುದಿಲ್ಲ. ಸ್ವಲ್ಪ ಹೊತ್ತು ಬೇಗ ಬೇಗ, ಆಮೇಲೆ ನಿಧಾನ, ನಡುವೆ ಕೆಲವು ಸೆಕೆಂಡು ತಡೆದು ಮತ್ತೆ ಶುರು. ಗುಣಿಸಿದರೆ ಆ ಏರಿಳಿತವನ್ನೂ ನಾಲ್ಕು ಪಟ್ಟು ಮಾಡಿದ ಹಾಗೆ. ಪೂರ್ತಿ 60 ಸೆಕೆಂಡು ಎಣಿಸಿದಾಗ ನಾಲ್ಕು ಕಾಲುಭಾಗಗಳಲ್ಲಿ 14, 8, 13, 11 ಬಂತು. ಒಟ್ಟು 46. ಅಂದರೆ 50ರೊಳಗೇ ಇದೆ.

ಎಣಿಸುವಾಗ ಅಂಗಿ ಮೇಲೆತ್ತಿ ಹೊಟ್ಟೆ ನೋಡಿ. ಒಮ್ಮೆ ಉಬ್ಬಿ ಇಳಿದರೆ ಒಂದು. ನಾನು ಮೊದಲು ಉಬ್ಬಿದ್ದಕ್ಕೊಂದು ಇಳಿದದ್ದಕ್ಕೊಂದು ಅಂತ ಎಣಿಸುತ್ತಿದ್ದೆ, ನಗಬೇಡಿ. ಅಳುವಾಗ, ಹಾಲು ಕುಡಿಯುವಾಗ ಎಣಿಸಿದರೆ ಲೆಕ್ಕ ಸುಳ್ಳು. ಜ್ವರವಿದ್ದರೂ ಉಸಿರು ಏರುತ್ತದೆ, ಅದಕ್ಕೇ ಪಕ್ಕದಲ್ಲೇ ಜ್ವರ ಎಷ್ಟಿತ್ತು ಅಂತ ಬರೆದಿಡುವುದು ಒಳ್ಳೆಯದು.

ಸಂಖ್ಯೆಯೊಂದೇ ಸಾಲದು. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗಿನ ಭಾಗ ಒಳಗೆ ಸೆಳೆಯುತ್ತಿದೆಯಾ, ಮೂಗಿನ ಹೊಳ್ಳೆ ಅರಳುತ್ತಿದೆಯಾ, ಪ್ರತಿ ಉಸಿರಿಗೂ ನರಳುತ್ತಿದೆಯಾ ನೋಡಬೇಕು. ಈ ಸೆಳೆತ ಇದ್ದು, ಎಣಿಕೆ ಮಾತ್ರ 64ರಿಂದ 40ಕ್ಕೆ ಇಳಿದು, ಮಗು ಮಂಕಾದರೆ ಅದು ವಾಸಿಯಾಗಿದ್ದಲ್ಲ, ಸುಸ್ತಾಗಿದ್ದು. ತುಟಿ ನೀಲಿಯಾದರೆ, ಆ ಕೆಲವು ಸೆಕೆಂಡಿಗಿಂತ ಹೆಚ್ಚು ಹೊತ್ತು ಉಸಿರು ನಿಂತು ನಿಂತು ಬಂದರೆ, ಎಬ್ಬಿಸಿದರೂ ಏಳದಿದ್ದರೆ ಎಣಿಸುತ್ತಾ ಕೂರಬೇಡಿ, ತುರ್ತು ಚಿಕಿತ್ಸೆಗೆ ಓಡಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೂ ಅಷ್ಟೇ, ಕಾಯದೆ ವೈದ್ಯರಿಗೆ ತೋರಿಸಬೇಕು.

ಮನೆಯಲ್ಲಿ ಮಾಡಬೇಕಾದದ್ದು ಕಡಿಮೆಯೇ. ವೈರಸ್ ಆದ್ದರಿಂದ ಆಂಟಿಬಯಾಟಿಕ್ ಕೆಲಸಕ್ಕೆ ಬಾರದು. ಹಾಲು ಕೊಡುವ ಮೊದಲು ಮೂಗಿಗೆ ಸಲೈನ್ ಹನಿ ಹಾಕಿ ಸಿಂಬಳ ತೆಗೆಯಿರಿ, ಹಸುಗೂಸು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುವುದು. ಹಾಲು ಸ್ವಲ್ಪ ಸ್ವಲ್ಪವಾಗಿ, ಪದೇ ಪದೇ. ಎಷ್ಟು ಸಲ ಉಚ್ಚೆ ಹೋಯಿತು ಅಂತ ಲೆಕ್ಕ ಇಡಿ. ಕುಡಿಯುವುದು ಅರ್ಧಕ್ಕೆ ಇಳಿದರೆ ವೈದ್ಯರಿಗೆ ಹೇಳಬೇಕು. ಪ್ಯಾರಾಸಿಟಮಾಲ್ ಪ್ರಮಾಣ ತೂಕ ನೋಡಿ ವೈದ್ಯರು ಹೇಳಿದಷ್ಟೇ. ಮಕ್ಕಳಿಗೆ ಆಸ್ಪಿರಿನ್ ಬೇಡ. ಒಂದು ವರ್ಷದೊಳಗೆ ಜೇನುತುಪ್ಪವೂ ಬೇಡ, ಬಾಟುಲಿಸಂ ಅನ್ನೋ ವಿಷಬಾಧೆಯ ಅಪಾಯ ಇದೆ.

ಹರಡದಂತೆ ತಡೆಯುವುದರಲ್ಲಿ ಎರಡು ಬಗೆಯ ದಿನಗಳನ್ನು ಕಲಸಿಕೊಳ್ಳಬೇಡಿ. ವೈರಸ್ ಒಳಹೊಕ್ಕು ಲಕ್ಷಣ ಕಾಣಲು ಸಾಮಾನ್ಯವಾಗಿ 4ರಿಂದ 6 ದಿನ. ಬೇರೆಯವರಿಗೆ ಅಂಟಿಸುವ ಅವಧಿ 3ರಿಂದ 8 ದಿನ, ಅದೂ ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಶುರುವಾಗಬಹುದು. ಕೆಲವು ಹಸುಗೂಸುಗಳಲ್ಲಿ ನಾಲ್ಕು ವಾರದ ತನಕವೂ ಉಂಟು. ತೊಟ್ಟಿಲ ಕಂಬಿಯಂಥ ಗಟ್ಟಿ ಜಾಗದಲ್ಲಿ ವೈರಸ್ ಗಂಟೆಗಟ್ಟಲೆ ಉಳಿಯುತ್ತದೆ. ಮಗುವನ್ನು ಮುಟ್ಟುವ ಮೊದಲು ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಯಿರಿ. ನೆಗಡಿ ಇರುವವರು ಮುದ್ದು ಮಾಡಲು ಬಂದರೆ ದಾಕ್ಷಿಣ್ಯ ಬೇಡ.

ಕೊನೆಗೆ ಪರೀಕ್ಷೆಯಲ್ಲಿ ಬೇಕಂತಲೇ ಗೊಂದಲ ಮಾಡಿಸುವ ಪ್ರಶ್ನೆ: ಆರ್‌ಎಸ್‌ವಿ ತಡೆಯಲು ಕೊಡುವ ನಿರ್ಸೆವಿಮ್ಯಾಬ್ ಲಸಿಕೆಯಾ? ಅಲ್ಲ. ಅದು ಮಗುವಿಗೆ ನೇರವಾಗಿ ಕೊಡುವ ಸಿದ್ಧ ಪ್ರತಿಕಾಯ, ಅಂದರೆ ವೈರಸ್ಸನ್ನು ತಡೆಯುವ ಪ್ರೋಟೀನ್. ಹಸುಗೂಸಿನ ರಕ್ಷಣೆಗೆ ಲಸಿಕೆ ಹಾಕುವುದು ಗರ್ಭಿಣಿಗೆ. ಅವಳ ದೇಹ ಪ್ರತಿಕಾಯ ತಯಾರಿಸಿ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ದಾಟಿಸುತ್ತದೆ. ಅದಕ್ಕೆ ಸುಮಾರು 14 ದಿನ ಬೇಕು. ಲಸಿಕೆ ಹಾಕಿಸಿದ ವಾರಕ್ಕೇ ಹೆರಿಗೆಯಾದರೆ ಮಗುವಿಗೆ ನಿರ್ಸೆವಿಮ್ಯಾಬ್ ಬೇಕಾಗಬಹುದು.