ಹೆಂಚಿನ ಮೇಲೆ ಹೆಂಚು: ಒಂದೇ ಹೆಸರಿನ ಎರಡು ಥರದ ಹಾರ್ಡ್ ಡಿಸ್ಕ್

ಎರಡು ವರ್ಷದ ಹಿಂದೆ ಜುಲೈ ಕೊನೆಯಲ್ಲಿ ನಮ್ಮ ಮನೆಯ ಸ್ಟೋರೇಜ್ ಸರ್ವರ್‌ನಲ್ಲಿ ಒಂದು ಹಾರ್ಡ್ ಡಿಸ್ಕ್ ಸತ್ತಿತು. ಗಾಬರಿಯೇನೂ ಆಗಲಿಲ್ಲ. 4 ಟಿಬಿಯ ಎರಡು ಡಿಸ್ಕ್ ಜೋಡಿಯಾಗಿ ಹಾಕಿದ್ದೆ, ಒಂದರಲ್ಲಿ ಇರುವುದೆಲ್ಲ ಇನ್ನೊಂದರಲ್ಲೂ ಇರುತ್ತದೆ, ಹೊಸದು ತಂದು ಸಿಕ್ಕಿಸಿದರೆ ಅದೇ ನಕಲು ಮಾಡಿಕೊಳ್ಳುತ್ತದೆ. ಗೋಣಿಕೊಪ್ಪಲಿನಲ್ಲಿ ಸಿಗಲಿಲ್ಲ. ಬೆಂಗಳೂರಿನಿಂದ ಬರುತ್ತಿದ್ದ ಭಾವನಿಗೆ ಫೋನ್ ಮಾಡಿ ಎಸ್‌ಪಿ ರೋಡಿನಿಂದ ತರಿಸಿದೆ. ಡಬ್ಬದ ಮೇಲೆ ದೊಡ್ಡದಾಗಿ ‘ನ್ಯಾಸ್’, ಅಂದರೆ ಇಂಥ ಸ್ಟೋರೇಜ್ ಸರ್ವರ್‌ಗೆ, ಅಂತಲೇ ಇತ್ತು.

ಸಂಜೆ ಹಾಕಿದಾಗ ಸ್ಕ್ರೀನಿನಲ್ಲಿ ಇನ್ನು 11 ಗಂಟೆ ಅಂತ ತೋರಿಸಿತು. ಬೆಳಿಗ್ಗೆ ನೋಡಿದರೆ ಇನ್ನು 3 ದಿನ. ಮರುದಿನ 6 ದಿನ. ಮಧ್ಯೆ ಕರೆಂಟು ಹೋಗುವುದು, ಯುಪಿಎಸ್ ಇಪ್ಪತ್ತು ನಿಮಿಷ ಕೂಗಿ ಸುಮ್ಮನಾಗುವುದು, ಇದು ಬೇರೆ. ಕೊಡಗಿನ ಕಕ್ಕಡ ತಿಂಗಳ 18ಕ್ಕೆ ಅಮ್ಮ ಮದ್ದು ಸೊಪ್ಪಿನ ನೇರಳೆ ಪಾಯಸ ಬಡಿಸುವಾಗಲೂ ನಕಲು ಅರ್ಧ ದಾಟಿರಲಿಲ್ಲ. ಅಜ್ಜನ ಕಾಲದ ತೋಟದ ಮಳೆ ಲೆಕ್ಕದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಟ್ಟದ್ದು ಅದರಲ್ಲೇ. ಉಳಿದಿದ್ದ ಒಂದು ಹಳೇ ಡಿಸ್ಕ್ ಆ ಅಷ್ಟೂ ದಿನ ಒಂಟಿಯಾಗಿ ಎಲ್ಲವನ್ನೂ ಹೊತ್ತುಕೊಂಡಿತ್ತು.

ಹೊಸ ಡಿಸ್ಕ್ ಕೆಟ್ಟಿರಲಿಲ್ಲ. ಅದರ ಜಾತಿಯೇ ಬೇರೆ, ಅಷ್ಟೆ.

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಹಾರ್ಡ್ ಡಿಸ್ಕಿನ ಒಳಗಿನ ತಟ್ಟೆಯ ಮೇಲೆ ಮಾಹಿತಿ ಸಣ್ಣ ಸಣ್ಣ ಉಂಗುರಗಳಾಗಿ ಕೂರುತ್ತದೆ, ಇವಕ್ಕೆ ಟ್ರ್ಯಾಕ್ ಅನ್ನುತ್ತಾರೆ. ಹಳೇ ಪದ್ಧತಿಯಲ್ಲಿ ಒಂದರ ಪಕ್ಕ ಒಂದು, ಮಧ್ಯೆ ಚೂರು ಜಾಗ ಬಿಟ್ಟು. ಇದು ಸಿಎಂಆರ್. ಆದರೆ ಬರೆಯುವ ತಲೆ ಅಗಲ, ಓದುವ ತಲೆ ಕಿರಿದು. ಬರೆಯುವಾಗ ಅಗಲಕ್ಕೆ ಬರೆದರೂ ಓದುವುದಕ್ಕೆ ಅದರಲ್ಲೊಂದು ಪಟ್ಟಿ ಸಾಕು. ಹಾಗಿದ್ದರೆ ಒಂದು ಟ್ರ್ಯಾಕಿನ ಅಂಚಿನ ಮೇಲೆ ಇನ್ನೊಂದನ್ನು ಹೊದಿಸಿದರೆ ಏನಾಗುತ್ತದೆ? ಅದೇ ತಟ್ಟೆಯಲ್ಲಿ ಜಾಸ್ತಿ ಮಾಹಿತಿ ಹಿಡಿಸುತ್ತದೆ. ಇದೇ ಎಸ್‌ಎಂಆರ್. ಅದರಲ್ಲಿ ಎಸ್ ಅಂದರೆ ಷಿಂಗಲ್ಡ್, ಮಾಡಿಗೆ ಒಂದರ ಮೇಲೊಂದು ಹೊದಿಸುವ ಹಲಗೆ ಹೆಂಚಿನ ಹೆಸರೇ ಅದು.

ಸರಿ, ಈಗ ಮಾಡಿನ ನಡುವೆ ಒಂದು ಹೆಂಚು ಒಡೆಯಿತು ಅನ್ನಿ. ಕೋತಿ ಹಾರಿಯೋ, ಸಿಲ್ವರ್ ಓಕಿನ ಕೊಂಬೆ ಬಿದ್ದೋ. ಅದೊಂದನ್ನೇ ಬದಲಿಸಲು ಅದರ ಮೇಲೆ ಕೂತವನ್ನೂ ಎತ್ತಬೇಕು ಅಲ್ವಾ? ಎಸ್‌ಎಂಆರ್ ಡಿಸ್ಕಿನ ಕಥೆಯೂ ಅದೇ, ಸ್ವಲ್ಪ ಇನ್ನೂ ಕಷ್ಟ. ಒಂದು ಟ್ರ್ಯಾಕನ್ನು ತಿದ್ದಿದರೆ ಪಕ್ಕದ್ದು ಅಳಿಸುತ್ತದೆ, ಪಕ್ಕದ್ದನ್ನು ಮತ್ತೆ ಬರೆದರೆ ಅದರ ಪಕ್ಕದ್ದು. ಹಾಗಾಗಿ ಟ್ರ್ಯಾಕುಗಳನ್ನು ಗುಂಪು ಗುಂಪು ಮಾಡಿರುತ್ತಾರೆ, ಒಂದು ತಿದ್ದುಪಡಿಗೂ ಕೆಲವೊಮ್ಮೆ ಗುಂಪಿಗೆ ಗುಂಪನ್ನೇ ಮತ್ತೆ ಬರೆಯಬೇಕು. ಇದು ನಮಗೆ ಗೊತ್ತಾಗಬಾರದು ಅಂತ ಡಿಸ್ಕಿನಲ್ಲೇ ಒಂದಿಷ್ಟು ಜಾಗ ಹಳೇ ಪದ್ಧತಿಯಲ್ಲಿ ಬಿಟ್ಟಿರುತ್ತಾರೆ. ಬಂದದ್ದನ್ನೆಲ್ಲ ಮೊದಲು ಅಲ್ಲಿ ರಾಶಿ ಹಾಕಿಕೊಂಡು, ಬಿಡುವಾದಾಗ ನಿಧಾನಕ್ಕೆ ಹೆಂಚು ಜೋಡಿಸುತ್ತದೆ. ಕೊಯ್ಲಿನ ಸಮಯದಲ್ಲಿ ಕಾಫಿ ಕಣದ ಹಾಗೆ. ದಿನಕ್ಕೆ ನಾಲ್ಕು ಮೂಟೆ ಬಂದರೆ ಒಣಗಿಸಿ ತೆಗೆಯಬಹುದು, ನಲವತ್ತು ಬಂದರೆ ಕಣದಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಡಿಸ್ಕ್ ಬದಲಿಸಿದಾಗ ಆಗುವ ನಕಲು ಈ ನಲವತ್ತು ಮೂಟೆ.

ಈ ತಂತ್ರ ಮೋಸವೇನಲ್ಲ. ಸೀಗೇಟ್ ಕಂಪನಿ 2013ರಲ್ಲೇ, ಇಂಥ ಹತ್ತು ಲಕ್ಷಕ್ಕೂ ಹೆಚ್ಚು ಡಿಸ್ಕ್ ಕಳಿಸಿದ್ದೇವೆ, ಶೇ 25ರವರೆಗೆ ಜಾಸ್ತಿ ಹಿಡಿಸಬಹುದು ಅಂತ ಬಹಿರಂಗವಾಗಿಯೇ ಹೇಳಿತ್ತು. ಆಮೇಲೆ ಬಂದ ಅದರ 8 ಟಿಬಿ ಡಿಸ್ಕಿನ ಹೆಸರೇ ‘ಆರ್ಕೈವ್’. ತುಂಬಿಟ್ಟು ಮರೆಯುವುದಕ್ಕೆ ಅಂತ ಹೆಸರಲ್ಲೇ ಇದೆ, ತಕರಾರು ಮಾಡುವುದು ಏನಿದೆ?

ತಕರಾರು ಶುರುವಾದದ್ದು ಡಬ್ಬದ ಮೇಲಿನ ಮಾತಿಗೂ ಒಳಗಿನ ಮಾಲಿಗೂ ತಾಳ ತಪ್ಪಿದಾಗ. ಮನೆ ಸರ್ವರ್‌ಗೆ ಮೊದಲು ಜನ ಸಾಧಾರಣ ಡೆಸ್ಕ್‌ಟಾಪ್ ಡಿಸ್ಕನ್ನೇ ಹಾಕುತ್ತಿದ್ದರು. ಅವು ಓದಲಾಗದ ಜಾಗ ಸಿಕ್ಕಿದರೆ ಹಟ ಹಿಡಿದು ತುಂಬಾ ಹೊತ್ತು ಪ್ರಯತ್ನಿಸುತ್ತಿದ್ದವು, ಅಷ್ಟರಲ್ಲಿ ಸರ್ವರ್ ಇದು ಸತ್ತಿದೆ ಅಂತ ಹೊರಗೆ ಹಾಕುತ್ತಿತ್ತು. ವೆಸ್ಟರ್ನ್ ಡಿಜಿಟಲ್ 2012ರಲ್ಲಿ ‘ರೆಡ್’ ತಂದಿತು. ಕೆಲವೇ ಸೆಕೆಂಡು ನೋಡಿ ಕೈಬಿಡುತ್ತದೆ, ಸರ್ವರ್‌ಗೆ ಅಂತಲೇ ಮಾಡಿದ್ದು. ಕೆಂಪು ಲೇಬಲ್ ನೋಡಿ ಕೊಂಡರೆ ಸಾಕು ಅನ್ನುವ ನಂಬಿಕೆ ಬಂತು. ಎಂಟು ವರ್ಷ ಆ ನಂಬಿಕೆ ನಡೆಯಿತು.

2020ರ ಏಪ್ರಿಲ್‌ನಲ್ಲಿ ಬ್ಲಾಕ್ಸ್ ಅಂಡ್ ಫೈಲ್ಸ್ ಎಂಬ ಸುದ್ದಿತಾಣ ವಿಷಯ ಬಯಲಿಗೆ ಹಾಕಿತು. 2ರಿಂದ 6 ಟಿಬಿಯ ಹೊಸ ರೆಡ್ ಡಿಸ್ಕುಗಳು ಎಸ್‌ಎಂಆರ್, ಅದನ್ನು ಎಲ್ಲೂ ಬರೆದಿರಲಿಲ್ಲ. ಹಳೆಯದರ ಮಾಡೆಲ್ ನಂಬರ್ 40ಇಎಫ್‌ಆರ್‌ಎಕ್ಸ್, ಹೊಸದರದ್ದು 40ಇಎಫ್‌ಎಎಕ್ಸ್. ಅದೇ ಕೆಂಪು, ಅದೇ 4 ಟಿಬಿ. ಒಂದಕ್ಷರದಲ್ಲಿ ಮಾಡೇ ಬೇರೆಯಾಗಿತ್ತು. ಮನೆ ಬಳಕೆಯಲ್ಲಿ ಡಿಸ್ಕಿಗೆ ಸಾಕಷ್ಟು ಬಿಡುವು ಸಿಗುತ್ತದೆ ಅನ್ನುವ ಅರ್ಥದಲ್ಲಿ ಕಂಪನಿ ಸಮಜಾಯಿಷಿ ಕೊಟ್ಟಿತು. ಬಳಕೆಯ ಬಗ್ಗೆ ಅದು ನಿಜವೇ. ಆದರೆ ಮನೆ ಸರ್ವರ್ ಇಡುವುದೇ ಡಿಸ್ಕ್ ಸಾಯುವ ಆ ಒಂದು ದಿನಕ್ಕೆ. ಸರ್ವ್ ದಿ ಹೋಮ್ ತಾಣದವರು ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ನಕಲು ಮಾಡಿ ನೋಡಿದಾಗ ಸಿಎಂಆರ್ ಡಿಸ್ಕುಗಳು ಒಂದು ದಿನದೊಳಗೆ ಮುಗಿಸಿದವು, ಎಸ್‌ಎಂಆರ್ ರೆಡ್‌ಗೆ ಒಂಬತ್ತು ದಿನಕ್ಕಿಂತ ಜಾಸ್ತಿ ಬೇಕಾಯಿತು. ಜುಲೈ ತಿಂಗಳಲ್ಲಿ ನಮ್ಮ ಕಡೆ ಒಂಬತ್ತು ಗಂಟೆ ಕರೆಂಟು ನಿಂತರೇ ದೊಡ್ಡದು.

ಆಮೇಲೆ ಸೀಗೇಟ್, ತೋಷಿಬಾ ಕೂಡ ತಮ್ಮ ಕೆಲವು ಡೆಸ್ಕ್‌ಟಾಪ್ ಡಿಸ್ಕುಗಳು ಎಸ್‌ಎಂಆರ್ ಅಂತ ಒಪ್ಪಿಕೊಂಡವು. ಸೀಗೇಟಿನ ನ್ಯಾಸ್ ಡಿಸ್ಕ್ ಐರನ್‌ವುಲ್ಫ್ ಮಾತ್ರ ಸಿಎಂಆರ್ ಆಗಿಯೇ ಇತ್ತು. ಯಾವ ಡಿಸ್ಕ್ ಯಾವ ಜಾತಿ ಅಂತ ವೆಸ್ಟರ್ನ್ ಡಿಜಿಟಲ್ ಪಟ್ಟಿ ಹಾಕಿತು, ಅದೇ ವರ್ಷ ಸಿಎಂಆರ್‌ಗೆ ‘ರೆಡ್ ಪ್ಲಸ್’ ಅಂತ ಬೇರೆ ಹೆಸರು ಕೊಟ್ಟಿತು, ಅಮೆರಿಕದಲ್ಲಿ ಹಾಕಿದ ದಾವೆಯನ್ನು 2021ರಲ್ಲಿ 27 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಅಂದರೆ ಮೊದಲು ಬರೀ ರೆಡ್ ಅಂತ ಕೊಂಡಿದ್ದ ಮಾಲಿಗೆ ಈಗ ಪ್ಲಸ್ ಅನ್ನಬೇಕು. ನನಗೆ ಇದು ಸ್ವಲ್ಪ ನಗು ಬರಿಸುವ ಪರಿಹಾರ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಇಲ್ಲಿ ಅಡ್ಡದಾರಿಗಳು ಕೈಕೊಡುತ್ತವೆ. ಆಗ ಜನ ಡಿಸ್ಕಿನ ಕ್ಯಾಶ್, ಅಂದರೆ ಒಳಗಿನ ತಾತ್ಕಾಲಿಕ ಮೆಮೊರಿ, ನೋಡಿ ಹೇಳುತ್ತಿದ್ದರು, 64 ಎಂಬಿ ಇದ್ದರೆ ಸಿಎಂಆರ್, ಸಣ್ಣ ಡಿಸ್ಕಿನಲ್ಲಿ 256 ಇದ್ದರೆ ಅನುಮಾನ. ಈಗಿನ ರೆಡ್ ಪ್ಲಸ್ 40ಇಎಫ್‌ಪಿಎಕ್ಸ್‌ನಲ್ಲೂ 256 ಇದೆ, ಅದು ಸಿಎಂಆರ್. ಮಾಡೆಲ್ ನಂಬರಿನ ಕೊನೆಯ ಅಕ್ಷರಗಳನ್ನು ನೋಡೋಣ ಅಂದರೆ 60ಇಎಫ್‌ಎಎಕ್ಸ್ ಎಸ್‌ಎಂಆರ್, 80ಇಎಫ್‌ಎಎಕ್ಸ್ ಸಿಎಂಆರ್! ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಅನ್ನುವ ಡಿಸ್ಕ್ ತಪಾಸಣೆಯ ಪ್ರೋಗ್ರಾಂ ಓಡಿಸಿ, ತಿರುಗುವ ಡಿಸ್ಕಿಗೆ ಟ್ರಿಮ್ (ಯಾವ ಜಾಗ ಈಗ ಬೇಡ ಅಂತ ಡಿಸ್ಕಿಗೆ ಹೇಳುವ ಆಜ್ಞೆ) ಇದೆ ಅಂತ ತೋರಿಸಿದರೆ ಬಹುತೇಕ ಎಸ್‌ಎಂಆರ್ ಅಂದುಕೊಳ್ಳಿ, ತೋರಿಸದಿದ್ದರೆ ಅಲ್ಲ ಅನ್ನಲು ಬರುವುದಿಲ್ಲ. ನಂಬಬಹುದಾದದ್ದು ಪೂರ್ತಿ ಮಾಡೆಲ್ ನಂಬರ್, ಕಂಪನಿಯ ಪಟ್ಟಿ, ಎರಡೇ. ಜೇಬಿನಲ್ಲಿ ಹಿಡಿಸುವ ಎರಡೂವರೆ ಇಂಚಿನ ಎಕ್ಸ್‌ಟರ್ನಲ್‌ಗಳನ್ನು ಬಿಚ್ಚಿ ಸರ್ವರ್‌ಗೆ ಹಾಕುವ ಆಸೆ ಇದ್ದರೆ ಬಿಡಿ, ಅವು ಹೆಚ್ಚಿನವು ಹೆಂಚೇ.

ಹೊಸತು ಅಂತ ಹಳೆಯದನ್ನು ಮಾರುವ ಕಾಟ ಬೇರೆ ಇದೆ. ದೊಡ್ಡ ಡೇಟಾ ಸೆಂಟರ್ ಮಾದರಿಯ ಸೀಗೇಟ್ ಎಕ್ಸೋಸ್ ಡಿಸ್ಕುಗಳು ಓಡಿದ ಗಂಟೆ ಲೆಕ್ಕ ಅಳಿಸಿ ಯಾರೋ ಮಾರುತ್ತಿದ್ದಾರೆ ಅಂತ 2025ರ ಜನವರಿಯಲ್ಲಿ ಜರ್ಮನಿಯ ಹೈಸೆ ಸುದ್ದಿತಾಣ ಬರೆಯಿತು. ಫಾರ್ಮ್ ಅನ್ನುವ ಒಳಲೆಕ್ಕ ಮಾತ್ರ ಅಳಿದಿರಲಿಲ್ಲ, ಅದರಿಂದ ಸಿಕ್ಕಿಬಿದ್ದವು. ಸ್ಮಾರ್ಟ್‌ಸಿಟಿಎಲ್ 7.4ರಿಂದ ಅದನ್ನು ನಾವೂ ಓದಬಹುದು.

ನನ್ನ ನಕಲು ಹನ್ನೊಂದನೇ ದಿನ ಮುಗಿಯಿತು. ಭಾವನಿಗೆ ಮತ್ತೆ ಫೋನ್ ಮಾಡಿದೆ, ಈ ಸಲ ಮಾಡೆಲ್ ನಂಬರನ್ನು ಒಂದೊಂದೇ ಅಕ್ಷರ ಹೇಳಿ ಬರೆಸಿದೆ. ಅವರು ಅಂಗಡಿಯಲ್ಲಿ ನಿಂತು ಲೇಬಲ್ ಫೋಟೊ ಕಳಿಸಿ, ನಾನು ಹೂಂ ಅಂದ ಮೇಲೆ ದುಡ್ಡು ಕೊಟ್ಟರು. ಮೊದಲು ತರಿಸಿದ ಆ ಎಸ್‌ಎಂಆರ್ ಡಿಸ್ಕ್ ಈಗ ತಿಂಗಳಿಗೊಂದು ಸಲ ಬ್ಯಾಕಪ್ ತೆಗೆದುಕೊಳ್ಳುತ್ತದೆ, ಆ ಕೆಲಸಕ್ಕೆ ಚೆನ್ನಾಗಿಯೇ ಇದೆ. ಉಳಿದ ದಿನ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಸ್ಕತ್ತಿನ ಟಿನ್ನಿನಲ್ಲಿ, ಕಪಾಟಿನ ಮೇಲೆ.