ಕಪ್ಪು ಹುಡುಗರ ಹೆಸರಿಗೆ ಬಂದ ಹಣದ ಏರಿಳಿತ

ಅಮೆರಿಕದ ಫೌಂಡೇಷನ್‌ಗಳು, ಅಂದರೆ ದತ್ತಿ ಸಂಸ್ಥೆಗಳು, ಕಪ್ಪು ಪುರುಷರು ಮತ್ತು ಹುಡುಗರಿಗೆಂದೇ ಕೊಟ್ಟ ಅನುದಾನ 2003ರಲ್ಲಿ ಸುಮಾರು 1 ಕೋಟಿ ಡಾಲರ್ ಇತ್ತು. 2010ರಲ್ಲಿ ಅದು 2.9 ಕೋಟಿಯ ಹತ್ತಿರ ಬಂತು. ಇಂಥ ಅನುದಾನಗಳ ಲೆಕ್ಕ ಇಡುತ್ತಿದ್ದ ಫೌಂಡೇಷನ್ ಸೆಂಟರ್ 2012ರಲ್ಲಿ ಹೊರತಂದ ವರದಿಯ ಲೆಕ್ಕವಿದು. ಮೂರು ಪಟ್ಟಾಯಿತೆಂದು ಹಿಗ್ಗುವ ಮೊದಲು ಇದನ್ನು ಎಣಿಸುವ ಬಗೆ ನೋಡಬೇಕು.

ಅನುದಾನದ ವಿವರಣೆಯಲ್ಲಿ ಕಪ್ಪು ಹುಡುಗರಿಗೆಂದು ಸ್ಪಷ್ಟವಾಗಿ ಬರೆದಿದ್ದರಷ್ಟೇ ಅದು ಲೆಕ್ಕಕ್ಕೆ ಸೇರುತ್ತದೆ. ಬಹುಪಾಲು ಕಪ್ಪು ಮಕ್ಕಳೇ ಓದುವ ಶಾಲೆಗೆ ಸಾಮಾನ್ಯ ನಿಧಿ ಬಂದರೆ ಸೇರುವುದಿಲ್ಲ. ಚರ್ಚುಗಳಲ್ಲಿ ಕಪ್ಪು ಜನರೇ ಒಟ್ಟುಗೂಡಿಸುವ ಹಣವೂ ಅಷ್ಟೇ. ಇನ್ನೊಂದು ತೊಡಕಿದೆ: ಮೂರು ವರ್ಷಕ್ಕೆಂದು ಮಂಜೂರಾದ ಮೊತ್ತವೆಲ್ಲ ಮೊದಲ ವರ್ಷದ ಖಾತೆಗೇ ಬೀಳುತ್ತದೆ. ಒಂದೇ ದೊಡ್ಡ ಅನುದಾನ ನಕ್ಷೆಯ ಗೆರೆಯನ್ನು ಮೇಲಕ್ಕೆತ್ತಿ, ಮರುವರ್ಷ ಕುಸಿತ ತೋರಿಸಬಲ್ಲದು.

ಇದಕ್ಕೆ ಹಳೆಯ ಬೇರುಗಳಿವೆ. ಉದ್ಯಮಿ ಜೂಲಿಯಸ್ ರೋಸನ್‌ವಾಲ್ಡ್ 1917ರಲ್ಲಿ ಕಟ್ಟಿದ ನಿಧಿಯ ನೆರವಿನಿಂದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗಾಗಿ ಸುಮಾರು 5,000 ಶಾಲೆಗಳು ಎದ್ದವು. ಊರಿನವರೂ ಪಾಲು ಹಾಕಬೇಕೆಂಬುದು ಷರತ್ತು. ಬಡ ರೈತರು ದುಡ್ಡು, ಜಮೀನು, ಮರ, ಮೈದುಡಿಮೆ ಕೊಟ್ಟರು. ಅವರ ಒಟ್ಟು ಪಾಲು ರೋಸನ್‌ವಾಲ್ಡ್ ನಿಧಿಯದಕ್ಕಿಂತ ತುಸು ಹೆಚ್ಚೇ ಆಯಿತು. ದಾನಿಯ ಹೆಸರಷ್ಟೇ ಉಳಿದುಕೊಂಡದ್ದು ಅನ್ಯಾಯವೇ ಸರಿ.

ಗಂಡುಮಕ್ಕಳನ್ನೇ ಗುರಿಯಾಗಿಟ್ಟ ಕೆಲಸ 1990ರ ದಶಕದಲ್ಲಿ ಕೆಲಾಗ್ ಫೌಂಡೇಷನ್ನಿನಲ್ಲಿ ನಡೆಯಿತು. ಅದು ದೊಡ್ಡ ಪ್ರಮಾಣಕ್ಕೆ ಬೆಳೆದದ್ದು 2008ರ ನಂತರ. ಆ ವರ್ಷ ಕೋಟ್ಯಧಿಪತಿ ಹೂಡಿಕೆದಾರ ಜಾರ್ಜ್ ಸೋರೋಸ್ ಅವರ ಓಪನ್ ಸೊಸೈಟಿ ಫೌಂಡೇಷನ್ಸ್ ಮೂರು ವರ್ಷಕ್ಕೆಂದು ಕಪ್ಪು ಪುರುಷರ ಏಳಿಗೆಯ ಅಭಿಯಾನ ಆರಂಭಿಸಿತು. 2011ರಲ್ಲಿ ನ್ಯೂಯಾರ್ಕ್ ನಗರ ಕಪ್ಪು ಮತ್ತು ಲ್ಯಾಟಿನೊ ಯುವಕರಿಗಾಗಿ ಮೂರು ವರ್ಷದ 12.7 ಕೋಟಿ ಡಾಲರ್ ಯೋಜನೆ ಪ್ರಕಟಿಸಿತು. ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಮತ್ತು ಸೋರೋಸ್ ತಮ್ಮ ಜೇಬಿನಿಂದ ತಲಾ 3 ಕೋಟಿ ಕೊಟ್ಟರು.

ಫ್ಲಾರಿಡಾದ ನಿರಾಯುಧ ಕಪ್ಪು ಹುಡುಗ ಟ್ರೇವಾನ್ ಮಾರ್ಟಿನ್ 2012ರ ಫೆಬ್ರುವರಿಯಲ್ಲಿ ಗುಂಡಿಗೆ ಬಲಿಯಾದಾಗ ವಯಸ್ಸು 17. ಎರಡು ವರ್ಷದ ನಂತರ ಅಧ್ಯಕ್ಷ ಬರಾಕ್ ಒಬಾಮ ಕಪ್ಪು ಮತ್ತಿತರ ಅಲ್ಪಸಂಖ್ಯಾತ ಹುಡುಗರಿಗಾಗಿ 'ಮೈ ಬ್ರದರ್ಸ್ ಕೀಪರ್' ಯೋಜನೆ ಘೋಷಿಸಿದರು. ಫೌಂಡೇಷನ್‌ಗಳು ಐದು ವರ್ಷಕ್ಕೆ ಕನಿಷ್ಠ 20 ಕೋಟಿ ಡಾಲರ್ ಭರವಸೆ ಕೊಟ್ಟವು. ಹುಡುಗಿಯರನ್ನೇಕೆ ಹೊರಗಿಟ್ಟಿರಿ ಎಂದು ಸಾವಿರಕ್ಕೂ ಹೆಚ್ಚು ಮಹಿಳೆಯರು ಬಹಿರಂಗ ಪತ್ರ ಬರೆದರು. ನ್ಯಾಯವಾದ ಪ್ರಶ್ನೆ ಅದು.

ಭರವಸೆ ಬೇರೆ, ಕೈಗೆ ಬಂದ ಹಣ ಬೇರೆ. ಹತ್ತು ವರ್ಷದ ಹುಡುಗನೊಬ್ಬ ಕಾಲೇಜು ಮುಟ್ಟಲು ಎಂಟು ವರ್ಷವಾದರೂ ಬೇಕು. ಅನುದಾನ ಎರಡು ಮೂರು ವರ್ಷದ್ದಾದರೆ ಅವನ ಬೆನ್ನಿಗೆ ನಿಂತ ಮಾರ್ಗದರ್ಶಕನ ಸಂಬಳ ನಡುದಾರಿಯಲ್ಲೇ ನಿಲ್ಲುತ್ತದೆ. 2015ರಲ್ಲಿ ಸ್ವತಂತ್ರ ಸಂಸ್ಥೆಯಾಗಿ ಹೊರಬಂದ ಸೋರೋಸ್ ಅಭಿಯಾನವೂ 2020ರ ಕೊನೆಗೆ ಬಾಗಿಲು ಮುಚ್ಚಿತು. ಪೊಲೀಸರ ಕೈಯಲ್ಲಿ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ನಂತರ ದೇಣಿಗೆಯ ಘೋಷಣೆಗಳ ಸುರಿಮಳೆಯಾದ ವರ್ಷವೂ ಅದೇ.

ಈಗಿನ ಬಿಕ್ಕಟ್ಟು ಕಾನೂನಿನದು. ಕಪ್ಪು ಮಹಿಳೆಯರ ಉದ್ದಿಮೆಗಳಿಗಷ್ಟೇ ಮೀಸಲಾದ ಫಿಯರ್‌ಲೆಸ್ ಫಂಡ್‌ನ ಅನುದಾನಕ್ಕೆ 2024ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ತಡೆ ಕೊಟ್ಟಿತು. ಆಧಾರ, ಗುಲಾಮಗಿರಿಯಿಂದ ಬಿಡುಗಡೆಯಾದವರ ಹಕ್ಕು ಕಾಯಲೆಂದು 1866ರಲ್ಲಿ ಮಾಡಿದ, ಒಪ್ಪಂದಗಳಲ್ಲಿ ಜನಾಂಗಭೇದವನ್ನು ತಡೆಯುವ ಕಾನೂನು. ಇಂಥ ದಾವೆಗೆ ಹೆದರಿ ಫೌಂಡೇಷನ್ ಒಂದು ವಿವರಣೆಯಲ್ಲಿ 'ಕಪ್ಪು ಹುಡುಗರು' ತೆಗೆದು 'ಕಡಿಮೆ ಆದಾಯದ ಬಡಾವಣೆಯ ಯುವಜನ' ಎಂದು ಬರೆದರೆ, ಹಣ ಅದೇ ಹುಡುಗರಿಗೆ ತಲುಪಿದರೂ ಲೆಕ್ಕದಲ್ಲಿ ಸೊನ್ನೆಯಾಗುತ್ತದೆ. ಮುಂದಿನ ವರದಿಗಳಲ್ಲಿ ಇಳಿಕೆ ಕಂಡರೆ, ಇಳಿದದ್ದು ಹಣವೋ ಹೆಸರೋ ಎಂದು ಅನುದಾನ ಪಡೆದ ಸಂಸ್ಥೆಗಳನ್ನೇ ಕೇಳಿ ತಿಳಿಯಬೇಕು.